ಜೆರಾಕ್ಸ್ ಅಂಗಡಿಯ ಆ ಮೇಡಂಗೆ

ಮೈಸೂರು ವಿವಿ ಕ್ಯಾಂಪಸ್ ಮಾನಸಗಂಗೋತ್ರಿ ಹತ್ತಿರದ ಜೆರಾಕ್ಸ್ ಅಂಗಡಿ. ಅತಿಥಿ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಒಂದೇ ಗಂಟೆ ಬಾಕಿ. ನನ್ನ 6 ಪುಟದ ಸಿವಿ ಪ್ರಿಂಟ್ ಆಗುತ್ತಿತ್ತು. ಥೀಸಿಸ್ ಬೈಂಡಿಂಗ್‌ಗೆ ಕಾಯುತ್ತಿದ್ದ ಮೇಡಂ ಒಬ್ಬರು ಅದನ್ನು ನೋಡಿ, "ಬೇಜಾರಿಲ್ಲ ಅಂದ್ರೆ ಒಂದು ಮಾತು ಹೇಳ್ಲಾ?" ಅಂದರು. ಬ್ಯಾಗಿನಿಂದ ಪೆನ್ಸಿಲ್ ತೆಗೆದರು.

ಎಸ್ಸೆಸ್ಸೆಲ್ಸಿಯಿಂದ ಶುರುವಾಗಿದ್ದ ಪಟ್ಟಿಯ ಪಕ್ಕ ಉದ್ದ ಬಾಣ: ಪಿಎಚ್‌ಡಿ ಮೇಲೆ ಬರಲಿ. ತಂದೆ ಹೆಸರು, ಧರ್ಮ, ಹವ್ಯಾಸಕ್ಕೆಲ್ಲ ಅಡ್ಡಗೆರೆ. ಕೊನೇ ಪುಟದಲ್ಲಿದ್ದ, ಉಪನ್ಯಾಸಕರಾಗಲು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಸುತ್ತು ಹಾಕಿ, "ಇದನ್ನ ಯಾಕಪ್ಪಾ ಬಚ್ಚಿಟ್ಟಿದ್ದೀಯ?" ಅಂತ ನಕ್ಕರು. ಲೇಖನಗಳಿಗೆ ವರ್ಷ, ಪುಟಸಂಖ್ಯೆ ಸೇರಿಸುವಾಗ ನನ್ನ ಕೈ ನಡುಗುತ್ತಿತ್ತು. ಅವರೇ ಪಕ್ಕ ನಿಂತು ಒಂದೊಂದಾಗಿ ಓದಿ ಹೇಳಿದರು.

3 ಪುಟಕ್ಕೆ ಇಳಿಯಿತು. ಎದೆಬಡಿತವೂ ಇಳಿಯಿತು. ಹೆಸರು ಕೇಳುವಷ್ಟರಲ್ಲಿ ಆಟೋ ಹತ್ತಿಬಿಟ್ಟಿದ್ದರು.

ಥ್ಯಾಂಕ್ಸ್ ಮೇಡಂ. ನಿಮ್ಮ ಪೆನ್ಸಿಲ್ ನನ್ನ ಹತ್ತಿರವೇ ಉಳಿದಿದೆ.