ಗೆಳೆಯರನ್ನು ಕೊಡಿ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಎಡಿನ್‌ಬರೋದಲ್ಲಿ ಎಲ್ಲರೂ ಒಳ್ಳೆಯವರೇ, ಬಾಡಿಗೆ ಮನೆ ಹುಡುಕಿಕೊಟ್ಟರು, ಚಳಿಗೆ ಕೋಟು ಕೊಡಿಸಿದರು, ಆದರೆ ಹದಿನೆಂಟು ತಿಂಗಳಾದರೂ ಒಬ್ಬರೂ ಮನೆಗೆ ಕರೆದು ಒಂದು ಲೋಟ ಚಹಾ ಕೊಟ್ಟಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲಿನಲ್ಲೇ ಮನಸ್ಸು ನಿಂತುಬಿಟ್ಟಿತು. ಆಗ ನೆನಪಾದವರು ಬಿಷಪ್ ಅಜರಯ್ಯ. ನೀನಿರುವ ಊರಿನಲ್ಲೇ, ಮೌಂಡ್ ಎಂಬ ಏರಿನ ಮೇಲಿರುವ ಅಸೆಂಬ್ಲಿ ಹಾಲ್‌ನಲ್ಲಿ, 1910ರ ಜೂನ್ ತಿಂಗಳಿನಲ್ಲಿ ಅವರು ಇದೇ ಸಂಕಟವನ್ನು ಬಾಯಿಬಿಟ್ಟು ಹೇಳಿದ್ದರು.

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಹಳ್ಳಿಯ ಪಾದ್ರಿ. ಮಗ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿ ಕೈಗೆ ಬರಲಿಲ್ಲ. ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ಕೆಲಸಕ್ಕೆ ಸೇರಿ ಊರೂರು ಸುತ್ತಿದರು. 1902ರಲ್ಲಿ ಜಾಫ್ನಾಕ್ಕೆ ಹೋದಾಗ ಅಲ್ಲಿನ ತಮಿಳು ಕ್ರೈಸ್ತರು ತಾವೇ ದುಡ್ಡು ಕೂಡಿಸಿ ಸುವಾರ್ತಾ ಸೇವೆ ನಡೆಸುತ್ತಿದ್ದುದನ್ನು ಕಂಡರು. ನಮ್ಮಲ್ಲಿ ಇದೇಕಿಲ್ಲ ಎಂಬ ಪ್ರಶ್ನೆ ಅವರನ್ನು ಕೊರೆಯಿತು. ಮರುವರ್ಷವೇ ತಿರುನೆಲ್ವೇಲಿಯಲ್ಲಿ ಒಂದು ಸ್ವದೇಶಿ ಮಿಷನರಿ ಸಂಘ ಹುಟ್ಟಿತು. ಅದು ಕೆಲಸಕ್ಕೆ ಆರಿಸಿಕೊಂಡ ಜಾಗ ನಿಜಾಮರ ಸೀಮೆಯ ಡೋರ್ನಕಲ್. ತಮಿಳಿನ ಅಜರಯ್ಯ ಅಲ್ಲಿಗಾಗಿ ತೆಲುಗು ಕಲಿತರು.

ಇನ್ನು ಎಡಿನ್‌ಬರೋ. ಜಗತ್ತಿನ ನಾನಾ ಮಿಷನ್‌ಗಳ ಸುಮಾರು 1200 ಪ್ರತಿನಿಧಿಗಳು ಸೇರಿದ್ದ ಆ ಸಮ್ಮೇಳನದಲ್ಲಿ ಏಷ್ಯಾದವರು ಇಪ್ಪತ್ತರ ಆಸುಪಾಸು. ಅವರಲ್ಲೊಬ್ಬರು, ಪಾದ್ರಿ ದೀಕ್ಷೆ ಪಡೆದು ಹೆಚ್ಚು ದಿನವೂ ಆಗಿರದ ಮೂವತ್ತೈದು ವರ್ಷದ ಅಜರಯ್ಯ. ವಿದೇಶಿ ಮಿಷನರಿಗಳೂ ದೇಶೀಯ ಕೆಲಸಗಾರರೂ ಕೂಡಿ ದುಡಿಯುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕಿತ್ತು. ಅವರು ಬಿಳಿಯರ ತ್ಯಾಗವನ್ನು ಅಲ್ಲಗಳೆಯಲಿಲ್ಲ. ಕೊನೆಯಲ್ಲಿ ಬೈಬಲಿನ ಪ್ರೀತಿಯ ಅಧ್ಯಾಯವನ್ನೇ ಎತ್ತಿಕೊಂಡು ಅವರು ಹೇಳಿದ್ದು ಇಷ್ಟು: ಬಡವರಿಗೆ ಉಣಿಸಲು ನಿಮ್ಮ ಸೊತ್ತನ್ನು ಕೊಟ್ಟಿದ್ದೀರಿ, ಸುಡುವುದಕ್ಕೆ ನಿಮ್ಮ ದೇಹವನ್ನೂ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ.

ಅನ್ನ ಹಾಕಿದವರ ಎದುರಿಗೆ ನಿಂತು ಹೀಗೆ ಕೇಳುವುದಕ್ಕೆ ಎಂಥ ಎದೆ ಬೇಕು, ಯೋಚಿಸು. ಉಪಕಾರ ಪಡೆದವನು ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಎಲ್ಲ ಕಾಲದ ಕಟ್ಟಳೆ.

ಎರಡು ವರ್ಷದ ಬಳಿಕ, 1912ರ ಡಿಸೆಂಬರ್ 29ರಂದು, ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯಲ್ಲಿ ಆ ಪೀಠವೇರಿದ ಮೊದಲ ಭಾರತೀಯ. ಅನೇಕ ವಿದೇಶಿ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಬೆನ್ನಿಗೆ ನಿಂತವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಅಲ್ಲಿಂದ ಸಾಯುವವರೆಗೂ ಅಜರಯ್ಯ ಡೋರ್ನಕಲ್ಲಿನವರಾಗಿಯೇ ಉಳಿದರು. ಎತ್ತಿನ ಗಾಡಿಯಲ್ಲೂ ಸೈಕಲ್ಲಿನಲ್ಲೂ ಹಳ್ಳಿಹಳ್ಳಿಗೆ ಹೋದರು. ಸಭೆಗೆ ಬಂದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಕೇರಿಗಳವರು. ಕೊಳೆ, ರೋಗ, ಸಾಲ, ಹೆಂಡ ಎಂಬ ನಾಲ್ಕು ಭೂತಗಳನ್ನು ಬಿಡಿಸಬೇಕೆಂದು ಹೋರಾಡಿದರು. ಪತ್ನಿ ಅನ್ಬು ಆ ಕಾಲಕ್ಕೇ ಕಾಲೇಜು ಓದಿದವರು, ಈ ದುಡಿಮೆಯಲ್ಲಿ ಸಮಪಾಲು ಅವರದು. ಮತಾಂತರದ ವಿಷಯದಲ್ಲಿ ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ ಬಂದಾಗಲೂ ಅಜರಯ್ಯ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಹಾಗೆಂದು ಚುನಾವಣೆಯಲ್ಲಿ ಕ್ರೈಸ್ತರೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಬೇಡಿಕೆಗೂ ಒಪ್ಪಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚುವುದು ಇಲ್ಲಿಯೇ.

ಕಳೆದ ವರ್ಷ ವಾರಂಗಲ್ ಕಡೆ ಮದುವೆಗೆ ಹೋದವನು ಡೋರ್ನಕಲ್ ಜಂಕ್ಷನ್‌ನಲ್ಲಿ ಇಳಿದು ಅವರ ಕೆಥೆಡ್ರಲ್ ನೋಡಿ ಬಂದೆ. 1939ರ ಜನವರಿಯಲ್ಲಿ ಪ್ರತಿಷ್ಠೆಯಾದದ್ದು. ದೇವಸ್ಥಾನದ ಮಂಟಪದಂಥ ಕಂಬಗಳು, ಮೇಲೆ ನೋಡಿದರೆ ಮಸೀದಿಯಂಥ ಗುಮ್ಮಟ. ಮೊದಲ ಸಲ ಒಳಗೆ ಕಾಲಿಟ್ಟರೂ ಪರಕೀಯ ಅನ್ನಿಸಲಿಲ್ಲ. ಬಿಸಿಲಲ್ಲಿ ಬೆಂದು ಹೋಗಿದ್ದೆ, ಒಂದು ಕಂಬಕ್ಕೆ ಬೆನ್ನು ಕೊಟ್ಟು ಬಹಳ ಹೊತ್ತು ಕುಳಿತಿದ್ದೆ.

ಬೇರೆಬೇರೆಯಾಗಿದ್ದ ಕ್ರೈಸ್ತ ಸಭೆಗಳು ಒಂದಾಗಬೇಕೆಂದು ಅವರು 1919ರಲ್ಲಿ ತಮಿಳು ನಾಡಿನ ತರಂಗಂಬಾಡಿಯಲ್ಲಿ ನಡೆದ ಸಮಾಲೋಚನೆಯಿಂದಲೂ ಪಟ್ಟು ಹಿಡಿದಿದ್ದರು. 1945ರ ಜನವರಿ 1ರಂದು ತೀರಿಕೊಂಡರು. ಹಾಗೆ ಒಂದಾದ ದಕ್ಷಿಣ ಭಾರತ ಸಭೆ ಉದ್ಘಾಟನೆಯಾದದ್ದು 1947ರ ಸೆಪ್ಟೆಂಬರ್ 27ರಂದು. ನಮ್ಮ ಊರುಗಳಲ್ಲಿ ಸಿಎಸ್‌ಐ ಎಂದು ಕರೆಯುವ ಚರ್ಚುಗಳೆಲ್ಲ ಆ ಸಭೆಯವೇ. ಅವರು ಅದನ್ನು ಕಣ್ಣಾರೆ ಕಾಣಲಿಲ್ಲ ಎಂಬುದು ನನಗೆ ಈಗಲೂ ಸಂಕಟ.

ಇಷ್ಟೆಲ್ಲ ಬರೆದದ್ದು ನಿನಗೆ ಸಮಾಧಾನ ಹೇಳಲು ಎಂದುಕೊಳ್ಳಬೇಡ. ನಿನ್ನ ಪತ್ರ ನನ್ನ ಕೈ ಕಟ್ಟಿಹಾಕಿದ್ದಕ್ಕೆ ಕಾರಣ ಬೇರೆ. ನಿನ್ನ ಪಿಯುಸಿ ಶುಲ್ಕ ಕಟ್ಟಿದ್ದು ನಮ್ಮಪ್ಪ, ಊರೆಲ್ಲ ಅದನ್ನು ಕೊಂಡಾಡಿತು. ಆದರೆ ನೀನು ಮನೆಗೆ ಬಂದಾಗಲೆಲ್ಲ ಕೂರುತ್ತಿದ್ದದ್ದು ಜಗುಲಿಯಲ್ಲಿ. ಅಜ್ಜಿ ನಿನಗೆ ಕಾಫಿ ಕೊಡುತ್ತಿದ್ದ ಸ್ಟೀಲ್ ಲೋಟದ ಅಂಚು ನೆಗ್ಗಿತ್ತು. ಅದು ಒಳಗಿನ ಲೋಟಗಳ ಜೊತೆ ಸೇರುತ್ತಿರಲಿಲ್ಲ, ಹಿತ್ತಲ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಕುಡಿದಾದ ಮೇಲೆ ನೀನೇ ತೊಳೆದು ಅಲ್ಲಿಡುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನವೂ ಬಾಯಿ ತೆರೆಯಲಿಲ್ಲ. ನೀನೂ ಕೇಳಲಿಲ್ಲ, ಶುಲ್ಕದ ಋಣ ನಿನ್ನ ಬಾಯಿ ಕಟ್ಟಿತ್ತು ಎಂದು ಈಗ ಅರ್ಥವಾಗುತ್ತದೆ. ಕ್ಷಮಿಸು ಎಂದು ಬರೆಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಡಿಸೆಂಬರಿಗೆ ಬರುತ್ತೇನೆ ಎಂದಿದ್ದೀಯ. ಅಜ್ಜಿ ಈಗಿಲ್ಲ, ಜಗುಲಿ ಹಾಗೇ ಇದೆ. ಅಲ್ಲಿ ನಿಲ್ಲಬೇಡ, ದಾಟಿ ಒಳಗೆ ಬಾ. ನಡುಮನೆಯಲ್ಲಿ, ನನ್ನ ಪಕ್ಕದಲ್ಲೇ ನಿನ್ನ ಎಲೆ.

ನಿನ್ನವನೇ