ಕೋಶ ಎರಡಾಗುವಾಗ ಹೊಸ ಪೊರೆ ಎಲ್ಲಿಂದ ಬರುತ್ತದೆ?

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಮತ್ತು ಕೋಶ ವಿಭಜನೆ ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ವರ್ಣತಂತುಗಳು ಸಾಲಾಗಿ ನಿಲ್ಲುವುದು, ಬೇರೆಯಾಗುವುದು ಎಲ್ಲವನ್ನೂ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ‘ನಂತರ ಕೋಶ ಎರಡಾಗುತ್ತದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಬೇಸರ ತಂದಿತು. ಪ್ರಥಮ ಪಿಯುಸಿ ಪುಸ್ತಕದಲ್ಲೂ ಹೀಗೇ ಇದೆ. ಪ್ರಾಣಿಕೋಶದ ನಡುವೆ ಸೀಳು ಮೂಡುತ್ತದೆ, ಆಳವಾಗುತ್ತದೆ, ಕೂಡುತ್ತದೆ. ಅಷ್ಟೇ.

ಪಾಠ ಮಾಡುವ ನಾವೂ ಚೀಲದ ಬಾಯಿಗೆ ಲಾಡಿ ಎಳೆದ ಹಾಗೆ ಎಂದು ಹೇಳಿ ಮುಂದೆ ಹೋಗುತ್ತೇವೆ. ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಉಂಗುರ ಬಿಗಿಯಾಗುವುದು ನಿಜವೇ. ಆದರೆ ಒಂದು ಗುಂಡನೆಯ ಕೋಶ ಸಮನಾದ ಎರಡು ಗುಂಡು ಕೋಶಗಳಾದರೆ, ಒಳಗಿನ ಸರಕು ಅಷ್ಟೇ ಇದ್ದರೂ ಹೊರಮೈ ಸುಮಾರು ಶೇ 26ರಷ್ಟು ಜಾಸ್ತಿ ಬೇಕು. ಕೋಶದ ಪೊರೆಯನ್ನು ಅಷ್ಟು ಹಿಗ್ಗಿಸಲು ಆಗದು, ಹರಿದೇಹೋಗುತ್ತದೆ. ಮೈಮೇಲಿನ ಮಡಿಕೆಗಳು ಬಿಚ್ಚಿಕೊಂಡು ಸ್ವಲ್ಪ ಸಿಗುತ್ತದೆ. ಉಳಿದದ್ದು ಒಳಗಿನಿಂದಲೇ ಬರಬೇಕು ಅಲ್ವಾ?

ಬರುವುದು ಪೊರೆಯ ಪುಟ್ಟ ಗುಳ್ಳೆಗಳ ರೂಪದಲ್ಲಿ. ಪ್ರೋಟೀನುಗಳನ್ನು ಗುಳ್ಳೆಗಳಲ್ಲಿ ತುಂಬಿ ಕಳಿಸುವ ಗಾಲ್ಗಿ ಎಂಬ ಕೋಶದ ಭಾಗದಿಂದ ಹೊರಟವು ಕೆಲವು, ಹೊರಮೈಯಿಂದ ಒಳಗೆಳೆದುಕೊಂಡ ಪೊರೆ ಮತ್ತೆ ಹಿಂದಿರುಗುವಾಗ ಸಿಗುವವು ಕೆಲವು. ರ‍್ಯಾಬ್11, ರ‍್ಯಾಬ್35 ಎಂಬ ಪ್ರೋಟೀನುಗಳು ಇವನ್ನು ಸೀಳಿನ ಕಡೆಗೆ ಮುಟ್ಟಿಸಲು ನೆರವಾಗುತ್ತವೆ. ಕಪ್ಪೆಯ ಮೊಟ್ಟೆಯಲ್ಲಿ ಇದು ಕಣ್ಣಿಗೇ ಕಾಣುವ ಸಂಗತಿ. ಹೊರಮೈ ಕಂದು ಬಣ್ಣದ್ದಾದರೆ, ಸೀಳಿನೊಳಗೆ ಹೊಸದಾಗಿ ಸೇರಿದ ಪೊರೆಗೆ ಆ ಬಣ್ಣವಿಲ್ಲ. 2001ರಲ್ಲಿ ಸಿ. ಎಲಿಗನ್ಸ್ ಎಂಬ ಹುಳುವಿನ ಭ್ರೂಣಗಳಿಗೆ ಗಾಲ್ಗಿಯ ಸಾಗಣೆ ತಡೆಯುವ ಬ್ರೆಫೆಲ್ಡಿನ್ ಎ ಕೊಟ್ಟು ನೋಡಿದರು. ಸೀಳು ಮೂಡಿತು, ಒಳಗೂ ಇಳಿಯಿತು. ಆದರೆ ಕೊನೆಯ ಬೇರ್ಪಡೆ ಆಗಲೇ ಇಲ್ಲ. ಉಂಗುರ ಇದ್ದರೆ ಮಾತ್ರ ಸಾಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದು ನನಗನಿಸುತ್ತದೆ.

ಇನ್ನೂ ಒಂದು ಹೆಜ್ಜೆ ಇದೆ. ಉಂಗುರ ಎಷ್ಟು ಬಿಗಿದರೂ ಎರಡು ಕೋಶಗಳ ನಡುವೆ ತೆಳುವಾದ ಸೇತುವೆ ಉಳಿಯುತ್ತದೆ. ಅದರ ನಡುವಿನ ಗಂಟನ್ನು ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೋಶಗಳಲ್ಲಿ ಈ ಸೇತುವೆ ಕಡಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಕಡಿಯುವುದು ಎಸ್ಕಾರ್ಟ್ ಎಂಬ ಪ್ರೋಟೀನುಗಳ ಗುಂಪು. ಎಚ್‌ಐವಿ ವೈರಸ್ ಸೋಂಕಿತ ಕೋಶದಿಂದ ಕಳಚಿಕೊಳ್ಳಲು ಬಳಸಿಕೊಳ್ಳುವುದೂ ಇದೇ ಗುಂಪನ್ನು! 2007ರಲ್ಲಿ ಈ ನಂಟು ಗೊತ್ತಾದಾಗ ಎರಡು ಬೇರೆ ಬೇರೆ ಕ್ಷೇತ್ರಗಳ ಸಂಶೋಧಕರು ಒಂದೇ ಪ್ರಶ್ನೆಯ ಮುಂದೆ ಬಂದು ನಿಂತರು. ಮಕ್ಕಳಿಗೆ ಹೇಳಲು ಇಷ್ಟು ಸೊಗಸಾದ ಸಂಗತಿ ಇರುವಾಗ ಯಾಕೆ ಬಿಡಬೇಕು?

ನಿಮ್ಮ ಲೇಖನದ ವಿಷಯಕ್ಕೂ ಇದು ನೇರ ಸಂಬಂಧಿಸಿದ್ದು. ಕೊನೆಯ ಹಂತ ಕೆಟ್ಟರೆ ಒಂದೇ ಕೋಶದಲ್ಲಿ ಎರಡು ಕೋಶಕೇಂದ್ರ, ದುಪ್ಪಟ್ಟು ವರ್ಣತಂತು ಉಳಿಯುತ್ತವೆ. ಯಕೃತ್ತಿನಲ್ಲಿ ಇಂಥ ಕೋಶಗಳು ಸಹಜವಾಗಿಯೇ ಇರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಪಿ53 ಎಂಬ ಕಾವಲು ವಂಶವಾಹಿಯೂ ಇಲ್ಲದಾಗ, ಇಲಿಗಳ ಮೇಲಿನ ಪ್ರಯೋಗದಲ್ಲಿ ಇಂಥ ಕೋಶಗಳು ಗಡ್ಡೆಗಳಾಗಿ ಬೆಳೆದದ್ದು 2005ರಲ್ಲಿ ವರದಿಯಾಗಿದೆ.

ಕೋಶದೊಳಗಿನ ಗುಳ್ಳೆಗಳ ಸಾಗಣೆ ಬಿಡಿಸಿ ತೋರಿಸಿದ ರಾತ್‌ಮನ್, ಶೆಕ್‌ಮನ್, ಸೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು. ಪುಸ್ತಕ ಪರಿಷ್ಕರಿಸುವವರು ಕೋಶ ವಿಭಜನೆಯ ಅಧ್ಯಾಯಕ್ಕೆ ಈ ಸಾಗಣೆಯ ಬಗ್ಗೆ ಅರ್ಧ ಪುಟ, ಒಂದು ಚಿತ್ರ ಸೇರಿಸಲಿ. ಪೊರೆಯ ಸಾಗಣೆಯ ಮೇಲೆ ಕೆಲಸ ಮಾಡುವವರು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೇ (ಎನ್‌ಸಿಬಿಎಸ್) ಇದ್ದಾರೆ. ಅವರಲ್ಲಿ ಒಬ್ಬರಿಂದ ಕನ್ನಡದಲ್ಲಿ ಬರೆಸಿ, ನಿಮ್ಮ ಲೇಖನದ ಮುಂದಿನ ಭಾಗವಾಗಿ ಪ್ರಕಟಿಸಿ ಎಂದು ಕೋರುತ್ತೇನೆ.

– ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ