ಬೆಟ್ಟಕ್ಕೆ ಒಬ್ಬಳೇ ಹೊರಟಿರುವ ಪುಟ್ಟಿಗೆ

ಪುಟ್ಟಿ,

ನಿನ್ನೆ ರಾತ್ರಿ ಸಾಗರದಿಂದ ಅಕ್ಕನ ಫೋನು ಬಂದಿತ್ತು. ನವೆಂಬರ್ ಮೊದಲ ಭಾನುವಾರ ಇಲ್ಲಿ ಅಮೆರಿಕದ ಬೆಟ್ಟಕಾಡಿನ ಉದ್ದದ ಕಾಲುದಾರಿ ಅಪಲಾಚಿಯನ್ ಟ್ರೇಲ್‌ನಲ್ಲಿ ಒಬ್ಬಳೇ ನಡೆಯಲು ಹೊರಟಿದ್ದೀಯಂತೆ. "ನಿನ್ನ ಮಾತು ಕೇಳ್ತಾಳೆ, ಬೇಡ ಅಂತ ಹೇಳೇ" ಅಂದಳು. ನಾನು ಬೇಡ ಅನ್ನುವುದಿಲ್ಲ. ಹೋಗು. ಆದರೆ ನೀನು ಆರಿಸಿಕೊಂಡ ದಿನ ಕೇಳಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೇ ವಾಟ್ಸಾಪ್‌ನಲ್ಲಿ ಎರಡು ಸಾಲು ಗೀಚದೆ ಕೂತು ಬರೆಯುತ್ತಿದ್ದೇನೆ.

ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರ ಆ ಭಾನುವಾರ ನಸುಕಿನಲ್ಲಿ ಇಲ್ಲಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ನಮ್ಮ ತಲೆ ಬದಲಾಯಿಸಿಕೊಳ್ಳುವುದಿಲ್ಲ. ಶನಿವಾರ ಆರು ಗಂಟೆ ಹತ್ತಿರ ಮುಳುಗಿದ ಸೂರ್ಯ ಭಾನುವಾರ ಐದಕ್ಕೂ ಮುಂಚೆ ಮುಳುಗಿಬಿಡುತ್ತಾನೆ. ಕೆಲವು ವರ್ಷಗಳ ಹಿಂದೆ ಅದೇ ಭಾನುವಾರ ನಾನೂ ಒಬ್ಬಳೇ ಹೋಗಿದ್ದೆ, ನೀನು ಹೊರಟಿರುವ ಜಾಗಕ್ಕೇ. ನ್ಯೂಜೆರ್ಸಿಯಲ್ಲಿ, ನದಿ ಬೆಟ್ಟ ಸೀಳಿಕೊಂಡು ಹೋಗುವ ಡೆಲವೇರ್ ವಾಟರ್ ಗ್ಯಾಪ್ ಪಕ್ಕದ ಡನ್‌ಫೀಲ್ಡ್ ತೊರೆಯ ಹತ್ತಿರ ಕಾರು ನಿಲ್ಲಿಸಿ ಸನ್‌ಫಿಶ್ ಪಾಂಡ್‌ವರೆಗೆ ಹತ್ತಿ ಬರುವುದು. ಹೋಗುವುದಕ್ಕೆ ಹತ್ತಿರ ಹತ್ತಿರ 4 ಮೈಲಿ, ಬರುವುದಕ್ಕೆ ಅಷ್ಟೇ. ಹೊರಟಾಗ ಹನ್ನೆರಡೂವರೆ. ಆರರವರೆಗೆ ಬೆಳಕಿದೆ ಅನ್ನುವ ಹಳೇ ಲೆಕ್ಕದಲ್ಲೇ ಇದ್ದೆ.

ಕೊಳ ತಲುಪಿದಾಗ ಎಷ್ಟು ಚೆನ್ನಾಗಿತ್ತು ಅಂತೀಯ. ಅದು ಹಿಮಯುಗದಲ್ಲಿ ಹಿಮನದಿ ಕೊರೆದುಹೋದ ಕೊಳ, 44 ಎಕರೆ, ಸುತ್ತ ಬಂಡೆ. ಗಾಳಿ ಇರಲಿಲ್ಲ, ಕೆಂಪು ಹಳದಿ ಎಲೆಗಳು ನೀರಿನ ಮೇಲೆ ಹಾಗೇ ನಿಂತಿದ್ದವು. ಬಂಡೆಯ ಮೇಲೆ ಕೂತು ಚಪಾತಿ ತಿಂದೆ. ಎದ್ದಾಗ ಮೂರೂವರೆ. ನಾಲ್ಕೂವರೆಗೆ ಕಾಡಿನೊಳಗೆ ಬಣ್ಣವೆಲ್ಲ ಒಂದೇ ಆಯಿತು. ಐದಕ್ಕೆ ಕತ್ತಲೆ. ಓಕ್ ಎಲೆ ಉದುರಿ ದಾರಿಯೂ ಕಾಡೂ ಒಂದೇ ಥರ ಕಾಣುತ್ತಿತ್ತು, ಫೋನಿನಲ್ಲಿ ಶೇಕಡಾ 11 ಚಾರ್ಜು. ಒಂದೊಂದು ಮರಕ್ಕೂ ಫೋನಿನ ಬೆಳಕು ಹಿಡಿದು, ದಾರಿ ತೋರಿಸಲು ಬಳಿದಿರುವ ಬಿಳಿ ಬಣ್ಣದ ಪಟ್ಟಿ ಹುಡುಕುತ್ತಾ ಇಳಿದೆ. ಒಂದು ಪಟ್ಟಿ ಸಿಕ್ಕಿದಾಗ ಆ ಮರದ ತೊಗಟೆ ಮೇಲೆ ಕೈ ಇಟ್ಟುಕೊಂಡು ಮುಂದಿನದು ಕಾಣುವವರೆಗೂ ಕೈ ತೆಗೆಯುತ್ತಿರಲಿಲ್ಲ. ಕೊನೆಗೆ ತೊರೆಯ ಸದ್ದು ಕೇಳಿ, ಮರದ ಸೇತುವೆ ಕಾಲಿಗೆ ಸಿಕ್ಕಿದಾಗ ಅಲ್ಲೇ ನಿಂತು ಅತ್ತೆ. ಯಾರಿಗೂ ಹೇಳಿರಲಿಲ್ಲ ಇದನ್ನ, ನಿನ್ನ ಚಿಕ್ಕಪ್ಪನಿಗೂ.

ಆ ದಿನ ನನಗೆ ಹೊಳೆದದ್ದು ಏನು ಅಂದರೆ, ನಾಲ್ಕು ಜನ ಹೋದಾಗ ಅವರಲ್ಲಿ ಒಬ್ಬರಾದರೂ "ಸಾಕು, ಹೋಗೋಣ" ಅನ್ನುತ್ತಾರೆ. ಯಾರಿಗೋ ಕಾಲು ನೋವು, ಯಾರಿಗೋ ಮನೆಯಲ್ಲಿ ಮಗು. ಒಬ್ಬಳೇ ಹೋದಾಗ ಆ ಮಾತು ಹೇಳುವವರು ಇರುವುದಿಲ್ಲ. ಮೇಲೆ ಹೋದಮೇಲೆ ನೀನೇ ನಿನಗೆ ಹೇಳಿಕೊಳ್ಳುತ್ತೀಯ ಅಂತ ನಂಬಬೇಡ, ಆ ಚೆಂದದ ಮುಂದೆ ಯಾರೂ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ತಿರುಗುವ ಹೊತ್ತನ್ನು ಮನೆಯಲ್ಲೇ ಗೊತ್ತುಮಾಡು. ಬೆಳಿಗ್ಗೆ ಎಂಟಕ್ಕೆ ನಡಿಗೆ ಶುರುವಾಗಲಿ (ತಡವಾದರೆ ಅಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ, ಟ್ಯಾಮನಿ ಬೆಟ್ಟಕ್ಕೆ ಹೋಗುವವರೂ ಅಲ್ಲೇ ಬರುತ್ತಾರೆ). ಹನ್ನೆರಡೂವರೆಗೆ ಎಲ್ಲಿದ್ದೀಯೋ ಅಲ್ಲಿಂದ ವಾಪಸ್. ಕೊಳ ಇನ್ನು ಹತ್ತೇ ನಿಮಿಷ ಅಂತ ಎದುರು ಬಂದವರು ಹೇಳಿದರೂ ವಾಪಸ್.

ಈ ದಾರಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್‌ನ ಕಟಾಡಿನ್‌ವರೆಗೆ 14 ರಾಜ್ಯ ದಾಟಿಕೊಂಡು ಹೋಗುತ್ತದೆ, ಸುಮಾರು 3,500 ಕಿಲೋಮೀಟರ್. 1921ರಲ್ಲಿ ಬೆಂಟನ್ ಮೆಕೈ ಅನ್ನುವವರಿಗೆ ಹೊಳೆದದ್ದು, 1937ರಲ್ಲಿ ದಾರಿ ಪೂರ್ತಿಯಾಯಿತು. 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿ, 67 ವರ್ಷ, ಒಬ್ಬರೇ ಪೂರ್ತಿ ನಡೆದರು, ಹೆಗಲಿಗೆ ಒಂದು ಬಟ್ಟೆ ಚೀಲ ಹಾಕಿಕೊಂಡು. ಅಕ್ಕನಿಗೆ ಈ ಕಥೆ ಹೇಳಿದೆ, ಸ್ವಲ್ಪ ಸುಮ್ಮನಾದಳು. ನೀನು ನಡೆಯುವುದು ಅದರಲ್ಲಿ ಒಂದು ಎಳೆ ಅಷ್ಟೇ. ಆದರೂ ಅದೇ ದಾರಿ, ಅದೇ ಬಿಳಿ ಪಟ್ಟಿ.

ಆ ಪಟ್ಟಿಯನ್ನು ಸರಿಯಾಗಿ ಓದುವುದನ್ನು ಕಲಿ. 2 ಇಂಚು ಅಗಲ, 6 ಇಂಚು ಉದ್ದ. ಒಂದರ ಮೇಲೊಂದು ಎರಡು ಪಟ್ಟಿ ಇದ್ದರೆ ನಿಲ್ಲು, ದಾರಿ ತಿರುಗುತ್ತದೆ ಅಂತ ಅರ್ಥ. ನೀಲಿ ಪಟ್ಟಿ ಪಕ್ಕದ ದಾರಿಗೆ. ಡನ್‌ಫೀಲ್ಡ್‌ನಿಂದ ಅರ್ಧ ಮೈಲಿ ಹೋದಮೇಲೆ ಹಸಿರು ಪಟ್ಟಿಯ ದಾರಿ ತೊರೆಯ ಜೊತೆ ಕವಲೊಡೆಯುತ್ತದೆ, ಮಾತಾಡಿಕೊಂಡು ಹೋಗುವವರ ಹಿಂದೆ ಸುಮ್ನೆ ಹೋಗಿಬಿಡಬೇಡ, ಮರ ನೋಡು. ಸ್ವಲ್ಪ ಹೊತ್ತು ಪಟ್ಟಿಯೇ ಕಾಣದಿದ್ದರೆ ಮುಂದೆ ಸಿಗಬಹುದು ಅಂತ ಹೋಗಬೇಡ. ಕೊನೆಯ ಪಟ್ಟಿ ಎಲ್ಲಿ ಕಂಡಿತ್ತೋ ಅಲ್ಲಿಗೆ ಬಾ.

ಇನ್ನೊಂದು ಸಂಗತಿ ಹೇಳುತ್ತೇನೆ, ಹೆದರಿಸಲು ಅಲ್ಲ. 2013ರ ಜುಲೈನಲ್ಲಿ ಮೇನ್‌ನಲ್ಲಿ 66 ವರ್ಷದ ಹೆಂಗಸೊಬ್ಬರು ಇದೇ ಟ್ರೇಲ್‌ನಲ್ಲಿ ನಡೆಯುತ್ತಿದ್ದರು, ನೂರಾರು ಮೈಲಿ ನಡೆದು ಅಭ್ಯಾಸವಿದ್ದವರು. ಮೂತ್ರಕ್ಕೆಂದು ದಾರಿ ಬಿಟ್ಟು ಪಕ್ಕಕ್ಕೆ ಹೋದರು, ಮತ್ತೆ ದಾರಿ ಸಿಗಲಿಲ್ಲ. ಗಂಡನಿಗೆ ಕಳಿಸಿದ ಮೆಸೇಜುಗಳು ಸಿಗ್ನಲ್ ಇಲ್ಲದೆ ಫೋನಿನಲ್ಲೇ ಉಳಿದವು. ಕಡಿಮೆ ಅಂದರೂ 26 ದಿನ ಬದುಕಿದ್ದರು. ದೇಹ ಸಿಕ್ಕಿದ್ದು ಎರಡು ವರ್ಷದ ಮೇಲೆ, ಟ್ರೇಲ್‌ನಿಂದ 2 ಮೈಲಿಯೂ ಇಲ್ಲದ ಜಾಗದಲ್ಲಿ. ಇದನ್ನು ಓದಿದಮೇಲೆ ನಾನು ಪಕ್ಕಕ್ಕೆ ಹೋಗಬೇಕಾದರೆ ಕೋಲನ್ನು ದಾರಿಯ ಅಂಚಿಗೆ ಮರಕ್ಕೆ ಒರಗಿಸಿ ಹೋಗುತ್ತೇನೆ, ತಿರುಗಿ ನೋಡಿದರೆ ಆ ಕೋಲು ಕಾಣುವಷ್ಟೇ ದೂರ. ಯಾರಾದರೂ ನೋಡಿಯಾರು ಅಂತ ನಾಚಿಕೆ ಬೇಡ ಪುಟ್ಟಿ. ಹೆಣ್ಣುಮಕ್ಕಳು ಈ ನಾಚಿಕೆಗೇ ಒಳಗೆ ಒಳಗೆ ಹೋಗುತ್ತೇವೆ.

ಉಣುಗಿನ ವಿಷಯ ನಿನಗೆ ಬಿಡಿಸಿ ಹೇಳಬೇಕಿಲ್ಲ, ಮಂಗನ ಕಾಯಿಲೆಯ ಊರಿನವರು ನಾವು. ಇಲ್ಲಿನ ಉಣುಗು ತರುವುದು ಲೈಮ್ ಅನ್ನುವ ಕಾಯಿಲೆ. ಮರಿ ಗಸಗಸೆಯಷ್ಟು, ದೊಡ್ಡದು ಎಳ್ಳಿನಷ್ಟು, ಚಳಿ ಶುರುವಾದರೂ ದೊಡ್ಡವು ಇರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸು. ಮನೆಗೆ ಬಂದ ತಕ್ಷಣ ಸ್ನಾನ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ನೋಡಿಕೋ. ಕಚ್ಚಿಕೊಂಡಿದ್ದರೆ ಊರಲ್ಲಿ ಉಂಬಳಕ್ಕೆ ಸುಣ್ಣ ಹಚ್ಚುವ ಹಾಗೆ ಏನೂ ಹಚ್ಚಬೇಡ, ಚಿಮಟದಲ್ಲಿ ಚರ್ಮದ ಬುಡಕ್ಕೆ ಹಿಡಿದು ನೇರ ಮೇಲಕ್ಕೆ ಎಳೆ. ಆಮೇಲೆ ಜ್ವರ ಬಂದರೆ, ಆ ಜಾಗ ಕೆಂಪಗೆ ಹರಡಿದರೆ ಡಾಕ್ಟರ ಹತ್ತಿರ ಹೋಗು, ಉಣುಗು ಕಚ್ಚಿತ್ತು ಅಂತ ನೀನೇ ಹೇಳು.

ಕರಡಿ ಕಂಡರೆ ಓಡಬೇಡ. ಜೋರಾಗಿ ಮಾತಾಡುತ್ತಾ ನಿಧಾನ ಹಿಂದೆ ಸರಿ, ಕನ್ನಡದಲ್ಲೇ ಮಾತಾಡು ಪರವಾಗಿಲ್ಲ.

ಚೀಲಕ್ಕೆ ಜಾಸ್ತಿ ತುಂಬಬೇಡ. ನೀರು 2 ಲೀಟರ್, ತಲೆಗೆ ಕಟ್ಟುವ ಟಾರ್ಚು (ಫೋನಿನ ಬೆಳಕನ್ನು ಟಾರ್ಚು ಅಂದುಕೊಳ್ಳಬೇಡ), ಕಾಗದದ ನಕ್ಷೆ, ಸೀಟಿ, ಒಂದು ಬೆಚ್ಚನೆ ಮೇಲಂಗಿ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಚಳಿ ಎಲುಬಿಗೆ ಇಳಿಯುತ್ತದೆ. ಬೇಟೆಯ ಕಾಲ, ಬೇಟೆಗಾರರಿಗೆ ದೂರದಿಂದಲೇ ಕಾಣುವ ಕಿತ್ತಳೆ ಬಣ್ಣದ ಟೋಪಿ ನನ್ನ ಹತ್ತಿರ ಇದೆ, ಕೊಡುತ್ತೇನೆ. ಶೇಂಗಾ ಚಿಕ್ಕಿ ಜೇಬಿನಲ್ಲಿರಲಿ, ಹಸಿವು ಆಗುವ ಮುಂಚೆಯೇ ತಿನ್ನು. ಬಂಡೆ ಮೇಲೆ ಎಲೆ ಬಿದ್ದಿರುತ್ತದೆ, ಇಳಿಯುವಾಗ ಜಾರುವುದು ಅಲ್ಲೇ. ಕಾಲು ಉಳುಕಿದರೆ ಒಬ್ಬಳಿಗೆ ಆ ಒಂದು ಮೈಲಿ ಎಷ್ಟು ದೊಡ್ಡದು ಗೊತ್ತಾ.

ಎದುರು ಬಂದವರಿಗೆ ನಮಸ್ಕಾರ ಹೇಳು, ಎರಡು ಮಾತಾಡು, ಯಾರಾದರೂ ನಿನ್ನನ್ನು ನೋಡಿದ್ದು ನೆನಪಿಟ್ಟುಕೊಂಡಿರುತ್ತಾರೆ. ಆದರೆ ಯಾರೋ ಒಬ್ಬ ಎಲ್ಲಿಂದ ಬಂದೆ, ಒಬ್ಬಳೇನಾ ಅಂತ ಜಾಸ್ತಿ ಕೇಳಿದರೆ "ಚಿಕ್ಕಮ್ಮ ಹಿಂದೆ ಬರ್ತಿದ್ದಾರೆ" ಅಂದುಬಿಡು. ಆ ಸುಳ್ಳಿಗೆ ಪಾಪ ಇಲ್ಲ.

ಶನಿವಾರ ರಾತ್ರಿ ನನಗೆ ಮೂರು ಸಾಲು ಕಳಿಸು. ಕಾರು ಎಲ್ಲಿ ನಿಲ್ಲಿಸುತ್ತೀಯ, ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರುತ್ತೀಯ, ಎಷ್ಟು ಹೊತ್ತಿಗೆ ಕಾರಿನ ಹತ್ತಿರ ಇರುತ್ತೀಯ. ಅಲ್ಲಿ ಹೋದಮೇಲೆ ಮನಸ್ಸು ಬದಲಾಯಿಸಿ ಬೇರೆ ದಾರಿ ಹಿಡಿಯಬೇಡ, ಹಿಡಿದರೆ ಸಿಗ್ನಲ್ ಇರುವಾಗಲೇ ತಿಳಿಸು. ಮೂರೂವರೆಯವರೆಗೆ ನಾನು ಫೋನು ಮಾಡುವುದಿಲ್ಲ, ನಿನ್ನ ನಡಿಗೆ ನಿನ್ನದು. ನಾಲ್ಕಕ್ಕೂ ಸುದ್ದಿ ಇಲ್ಲದಿದ್ದರೆ ತುರ್ತು ಸಹಾಯದ 911ಕ್ಕೆ ಹೇಳಿ ನಾನೂ ಹೊರಡುತ್ತೇನೆ. ಅಷ್ಟಕ್ಕೆಲ್ಲ ಯಾಕೆ ಅಂತ ಆಮೇಲೆ ಬೇಜಾರು ಮಾಡಿಕೊಳ್ಳಬಾರದು.

ಅಕ್ಕನಿಗೆ ನಾನು ಹೇಳಿಕೊಳ್ಳುತ್ತೇನೆ. ಟೋಪಿ, ಟಾರ್ಚು ತಗೊಂಡು ಹೋಗಲು ಶುಕ್ರವಾರ ಸಂಜೆ ಬಾ, ಊಟಕ್ಕೆ ಇಲ್ಲೇ ಇರು.

ನಿನ್ನ ಚಿಕ್ಕಮ್ಮ